ಉಸಿರು ಕಾಯುವ ಕೈ ಪಳಗುವುದೆಲ್ಲಿ?

2020ರ ಕೋವಿಡ್ ಬೇಸಿಗೆ. ದೇಶಕ್ಕೆ ದೇಶವೇ ವೆಂಟಿಲೇಟರ್ ಜಪ ಮಾಡುತ್ತಿದ್ದ ಹೊತ್ತು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ ಹಿಡಿದು ಬೆಂಗಳೂರಿನ ಬಿಇಎಲ್ 30,000 ಯಂತ್ರಗಳ ಆರ್ಡರ್ ಒಪ್ಪಿಕೊಂಡಿತು. ರೇಡಾರ್ ಮಾಡುತ್ತಿದ್ದ ಸಂಸ್ಥೆಯಿಂದ ಕೆಲವೇ ತಿಂಗಳಲ್ಲಿ ಉಸಿರಾಟದ ಯಂತ್ರಗಳು ಲಾರಿ ಹತ್ತಿದವು. ಪಿಎಂ ಕೇರ್ಸ್ ನಿಧಿಯಿಂದ ಒಟ್ಟು 50,000 ವೆಂಟಿಲೇಟರ್‌ಗಳಿಗೆಂದು 2,000 ಕೋಟಿ ರೂಪಾಯಿ ತೆಗೆದಿಟ್ಟದ್ದೂ ಆಗಲೇ. ಮರುವರ್ಷ ಎರಡನೇ ಅಲೆ ಅಪ್ಪಳಿಸಿದಾಗ ಹಲವು ರಾಜ್ಯಗಳಿಂದ ಬಂದ ಸುದ್ದಿ ಬೇರೆ ಥರದ್ದು. ಯಂತ್ರ ಬಂದಿದೆ, ನಡೆಸಬಲ್ಲವರಿಲ್ಲ. ಕೆಲವು ಕಡೆ ಯಂತ್ರವೇ ಕೈಕೊಟ್ಟಿತ್ತು ಅನ್ನಿ, ಅದು ಇನ್ನೊಂದು ಕಥೆ. ಆದರೆ ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮೂಲೆಯಲ್ಲಿ ನಿಂತ ಪೆಟ್ಟಿಗೆಗಳ ಫೋಟೊಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ.

ಯಂತ್ರ ಕಟ್ಟಲು ತಿಂಗಳುಗಳು ಸಾಕಾದವು. ಅದನ್ನು ನಡೆಸುವ ಕೈ ಪಳಗಲು ವರ್ಷಗಳು ಬೇಕು. ಆ ಕೈಯ ಹೆಸರು ರೆಸ್ಪಿರೇಟರಿ ಥೆರಪಿಸ್ಟ್. ಐಸಿಯು ಮಂದಿಯ ಬಾಯಲ್ಲಿ ಬರೀ ‘ಆರ್‌ಟಿ’. ರೋಗಿಯ ಕಡೆಯವರಿಗಂತೂ ಇವರು ‘ವೆಂಟಿಲೇಟರ್ ನೋಡ್ಕೊಳ್ಳೋ ಹುಡುಗ’, ‘ಆಕ್ಸಿಜನ್ ಹಾಕೋ ಸಿಸ್ಟರ್’. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈ ಪದವಿಗೆ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಎಂಬ ಹೆಸರು. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮಣಿಪಾಲದಲ್ಲೂ ಈ ಕೋರ್ಸಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ವೈದ್ಯಕೀಯ ಸೀಟು ಕೈಗೆಟುಕದ ಎಷ್ಟೋ ಮಕ್ಕಳು ಈ ದಾರಿ ಹಿಡಿಯುತ್ತಾರೆ. ಅವರಿಗೆ ನಾಲ್ಕು ವರ್ಷದಲ್ಲಿ ಕೈ ಪಳಗುತ್ತದೆಯೇ? ಪಳಗಿಸುವವರು ಯಾರು? ಪಳಗಿತೆಂದು ಹೇಳುವವರು ಯಾರು? ಈ ಲೇಖನದ ತಕರಾರು ಇಷ್ಟೇ.

ಉಸಿರಾಟದ ಚಿಕಿತ್ಸೆಯ ಇತಿಹಾಸದಲ್ಲಿ ವಿದ್ಯಾರ್ಥಿಗಳ ಕೈಗೆ ಇರುವ ಜಾಗ ದೊಡ್ಡದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಮುತ್ತಿತು. ಬ್ಲೆಗ್‌ಡ್ಯಾಮ್ ಆಸ್ಪತ್ರೆಯಲ್ಲಿದ್ದದ್ದು ಒಂದು ದೊಡ್ಡ ಕಬ್ಬಿಣದ ಉಸಿರುಪೆಟ್ಟಿಗೆ ಮತ್ತು ಎದೆಗೆ ಕಟ್ಟುವ ಆರು ಚಿಕ್ಕ ಯಂತ್ರ. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬಿಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ, ಆಪರೇಷನ್ ಥಿಯೇಟರಿನಲ್ಲಿ ತಾನು ದಿನವೂ ಮಾಡುತ್ತಿದ್ದುದನ್ನೇ ವಾರ್ಡಿನಲ್ಲಿ ಮಾಡೋಣ ಎಂದ. ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ನಳಿಕೆ ಕೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಹಿಸುಕಿ ಗಾಳಿ ಕೊಟ್ಟ. ಹುಡುಗಿ ಬದುಕಿದಳು.

ಆದರೆ ಒಬ್ಬಳಿಗೆ ಚೀಲ ಹಿಸುಕಲು ಹಗಲೂ ರಾತ್ರಿ ಒಂದು ಜೊತೆ ಕೈ ಬೇಕು. ಒಂದು ಹಂತದಲ್ಲಿ ಇಂಥ ರೋಗಿಗಳು ಏಕಕಾಲಕ್ಕೆ ಸುಮಾರು 70 ಮಂದಿ. ಕೈ ತಂದದ್ದೆಲ್ಲಿಂದ? ವೈದ್ಯಕೀಯ ಕಾಲೇಜಿನಿಂದ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕೂತರು, ತಿಂಗಳುಗಟ್ಟಲೆ ಚೀಲ ಹಿಸುಕಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇವತ್ತಿನ ತೀವ್ರನಿಗಾ ಘಟಕ ಹುಟ್ಟಿದ್ದು ಆ ವಾರ್ಡಿನಲ್ಲಿ ಎನ್ನುತ್ತಾರೆ ಬಲ್ಲವರು. ನಾವು ‘ಅಂಬು ಬ್ಯಾಗ್’ ಎಂದು ಕರೆಯುವ, ಹಿಸುಕಿ ಬಿಟ್ಟರೆ ತಾನಾಗಿ ಉಬ್ಬುವ ಚೀಲವೂ 1956ರಲ್ಲಿ ಅದೇ ದೇಶದಿಂದ ಬಂತು.

ಈ ಕಥೆಯನ್ನು ವಿದ್ಯಾರ್ಥಿಗಳ ತ್ಯಾಗದ ಕಥೆಯಾಗಿ ಹೇಳುವುದೇ ವಾಡಿಕೆ. ನನಗೆ ಮುಖ್ಯವೆನಿಸುವುದು ಇನ್ನೊಂದು ವಿವರ. ಆ ಹುಡುಗರನ್ನು ಚೀಲ ಕೊಟ್ಟು ಕೂರಿಸಿ ಹೋಗಿಬಿಡಲಿಲ್ಲ. ಅರಿವಳಿಕೆ ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತಿದ್ದರು. ಚೀಲ ಗಡುಸಾದರೆ ಏನರ್ಥ, ರೋಗಿಯ ಹಣೆ ಬೆವತರೆ ಏನರ್ಥ ಎಂದು ಅಲ್ಲೇ ಹೇಳಿಕೊಡುತ್ತಿದ್ದರು. ಕೈ ವಿದ್ಯಾರ್ಥಿಯದು, ಕಣ್ಣು ಬಲ್ಲವರದು. ನಮ್ಮ ಆಸ್ಪತ್ರೆಗಳು ಮೊದಲನೆಯದನ್ನು ಧಾರಾಳವಾಗಿ ಬಳಸಿಕೊಳ್ಳುತ್ತವೆ. ಎರಡನೆಯದಕ್ಕೆ ದುಡ್ಡು ತೆಗೆದಿಡುವುದಿಲ್ಲ.

ಕೈ ಕಲಿಯಬೇಕಾದದ್ದು ಏನು ಎನ್ನುವುದನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಜಿಲ್ಲಾ ಕೇಂದ್ರವೊಂದರ ಐಸಿಯುನಲ್ಲಿ ನಾನು ಕಂಡ ಒಂದು ರಾತ್ರಿ ಹೇಳುತ್ತೇನೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಮೈಗೇರಿದ್ದ ಯುವಕ, ವೆಂಟಿಲೇಟರ್ ಮೇಲೆ ನಾಲ್ಕನೇ ದಿನ. ನಮ್ಮ ಬಯಲುಸೀಮೆಯ ಐಸಿಯುಗಳಿಗೆ ಇಂಥ ರೋಗಿಗಳು ಹೊಸಬರಲ್ಲ. ವಾರಗಟ್ಟಲೆ ಯಂತ್ರದ ಮೇಲಿದ್ದು ಎದ್ದು ಹೋಗುತ್ತಾರೆ, ನೋಡಿಕೊಳ್ಳುವ ಕೈ ಚೆನ್ನಾಗಿದ್ದರೆ. ಯಂತ್ರ ಕೂಗಿಕೊಂಡಿತು. ಇಂಟರ್ನ್ ಹುಡುಗಿ ಓಡಿಬಂದು ಪರದೆಯ ಮೇಲೆ ಕಣ್ಣು ನೆಟ್ಟಳು. ಹಿರಿಯ ಆರ್‌ಟಿ ಹಿಂದೆಯೇ ಬಂದು ಕೇಳಿದರು.

“ಅಲಾರಂ ಆದ್ರೆ ಮೊದ್ಲು ಎಲ್ಲಿ ನೋಡ್ಬೇಕಮ್ಮಾ?”

“ಪ್ರೆಷರ್, ಸರ್. ಮೂವತ್ತೆಂಟಿದೆ.”

“ಯಂತ್ರ ಆಮೇಲೆ. ಎದೆ ನೋಡು. ಎರಡೂ ಕಡೆ ಏಳ್ತಾ ಇದೆಯಾ?”

ಎದೆ ಏಳುತ್ತಿತ್ತು, ಆದರೆ ಕಷ್ಟದಿಂದ. ನಳಿಕೆ ಹಲ್ಲಿನ ಬಳಿ ಯಾವ ಗುರುತಿನಲ್ಲಿದೆ ಎಂದು ನೋಡಿಸಿದರು; ಜಾರಿರಲಿಲ್ಲ. ಸ್ಟೆತಸ್ಕೋಪು ಇಡಿಸಿದರು. ಪೈಪಿನಲ್ಲಿ ನೀರು ಕಟ್ಟಿಕೊಂಡಿದೆಯೇ, ಎಲ್ಲಾದರೂ ಮಡಿಸಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಲು ಹೇಳಿದರು. ಕೊನೆಗೆ ಸಕ್ಷನ್, ಅಂದರೆ ನಳಿಕೆಯೊಳಗಿನ ಕಫ ಹೀರಿ ತೆಗೆಯುವುದು. “ಒಳಗೆ ಹಾಕುವಾಗ ನೀನೂ ಉಸಿರು ಬಿಗಿಹಿಡಿ. ನಿನಗೆ ಬೇಕು ಅನ್ನಿಸಿದಾಗ ಅವನಿಗೂ ಬೇಕು.” ಹದಿನೈದು ಸೆಕೆಂಡು ಮೀರಬಾರದು ಎಂದು ಪುಸ್ತಕ ಹೇಳುವುದನ್ನು ಆ ಮನುಷ್ಯ ಅವಳ ಎದೆಯೊಳಗೇ ಕೂರಿಸಿಬಿಟ್ಟರು. ಗೋಂದಿನಂಥ ಕಫದ ಗಟ್ಟಿ ಹೊರಬಂತು. ಒತ್ತಡ 24ಕ್ಕೆ ಇಳಿಯಿತು. ಇಡೀ ಪಾಠಕ್ಕೆ ಹಿಡಿದದ್ದು ಮೂರೋ ನಾಲ್ಕೋ ನಿಮಿಷ.

ಆ ಹಿರಿಯರು ಆ ರಾತ್ರಿ ಅಲ್ಲಿಲ್ಲದಿದ್ದರೆ? ಹುಡುಗಿ ಅಲಾರಮ್ಮಿನ ಬಾಯಿ ಮುಚ್ಚಿಸುವ ಗುಂಡಿ ಒತ್ತುತ್ತಿದ್ದಳು. ಅವಳನ್ನು ದೂರಲಾಗದು. ಬಹಳಷ್ಟು ಇಂಟರ್ನ್‌ಗಳು ಮೊದಲು ಕಲಿಯುವುದು ಆ ಗುಂಡಿಯನ್ನೇ.

ಕಣ್ಣಿಗೆ ಕಾಣದ ಕೆಲಸಗಳೂ ಇವೆ. 2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಜಾಲವೊಂದು 861 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಈ ವೃತ್ತಿಯ ದಿಕ್ಕನ್ನೇ ಬದಲಿಸಿತು. ತೀವ್ರವಾಗಿ ಗಾಸಿಗೊಂಡ ಶ್ವಾಸಕೋಶಕ್ಕೆ ಪ್ರತಿ ಉಸಿರಿಗೆ ಕಿಲೊಗೆ 12 ಮಿ.ಲೀ. ಬದಲು 6 ಮಿ.ಲೀ. ಗಾಳಿ ಕೊಟ್ಟಾಗ ಸಾವು ಶೇ 39.8ರಿಂದ ಶೇ 31ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಗುಂಡಿಯೊಂದನ್ನು ಕಡಿಮೆ ತಿರುಗಿಸಿದ್ದಷ್ಟೆ. ಇಲ್ಲೊಂದು ಸೂಕ್ಷ್ಮವಿದೆ. ಆ ‘ಕಿಲೊ’ ರೋಗಿಯ ತೂಕದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಮನುಷ್ಯ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ. 150 ಸೆಂ.ಮೀ. ಎತ್ತರದ ಹೆಂಗಸಿಗೆ ಲೆಕ್ಕದ ತೂಕ 43 ಕಿಲೊ ಚಿಲ್ಲರೆ, ಅಂದರೆ ಉಸಿರಿಗೆ ಸುಮಾರು 260 ಮಿ.ಲೀ. ಆಕೆಯ ನಿಜ ತೂಕ 75 ಕಿಲೊ ಇದ್ದು ಅದನ್ನೇ ಹಿಡಿದರೆ 450 ಮಿ.ಲೀ. ನುಗ್ಗುತ್ತದೆ. ಇಷ್ಟನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವರು ವಾರ್ಡಿನಲ್ಲಿ ಟೇಪು ಹಿಡಿದು ಮಲಗಿದ ರೋಗಿಯ ಎತ್ತರ ಅಳೆಯುತ್ತಾರೆಯೇ? ನಾನು ನೋಡಿದ ಮಟ್ಟಿಗೆ ಅಂದಾಜಿನ ಮೇಲೇ ನಡೆಯುತ್ತದೆ. ಟೇಪು ಹಿಡಿಯುವುದು ಅಭ್ಯಾಸದ ಮಾತು, ಮತ್ತು ಹಿರಿಯರು ಹಿಡಿಯದಿದ್ದರೆ ಕಿರಿಯರು ಹಿಡಿಯುವುದಿಲ್ಲ.

ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುವುದೂ ಇಂಥದ್ದೇ. ಮೊದಲು ಅಂಗೈಗೆ ಇನ್ನೊಂದು ರಕ್ತನಾಳದಿಂದ ರಕ್ತ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ನಾಡಿ ಸಿಕ್ಕ ಜಾಗದಲ್ಲಿ ಸೂಜಿ ಓರೆಯಾಗಿ ಹೋಗಬೇಕು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿಯಬಾರದು, ತಡಮಾಡದೆ ಯಂತ್ರಕ್ಕೆ ಹಾಕಬೇಕು, ತೆಗೆದ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಅವಸರದ ವಾರ್ಡಿನಲ್ಲಿ ಮೊದಲು ಮತ್ತು ಕೊನೆಯ ಹೆಜ್ಜೆಗಳು ಮಾಯವಾಗುತ್ತವೆ. ರೋಗಿಯ ಕೈ ನೀಲಿಗಟ್ಟಿದಾಗ ಆ ಪಾಳಿಯವರು ಮನೆಗೆ ಹೋಗಿರುತ್ತಾರೆ.

ಹಾಗಾದರೆ ರೋಗಿಯ ಮೈಮೇಲೆ ಕಲಿಯುವುದೇಕೆ, ಬೊಂಬೆಯ ಮೇಲೆ ಕಲಿಯಲಿ ಎನ್ನುವ ವಾದ ಬಲವಾಗಿದೆ, ನ್ಯಾಯವಾದದ್ದೂ ಹೌದು. ಉಸಿರು ಊದಿ ಕಲಿಯುವ ಮೊದಲ ಬೊಂಬೆಯನ್ನು 1960ರಲ್ಲಿ ಮಾಡಿದವರು ನಾರ್ವೆಯ ಆಟಿಕೆ ತಯಾರಕ ಓಸ್ಮುಂಡ್ ಲೇರ್ಡಾಲ್. ಈಗಿನ ಬೊಂಬೆಗಳು ಕೆಮ್ಮುತ್ತವೆ, ತುಟಿ ನೀಲಿಗಟ್ಟಿಸಿಕೊಳ್ಳುತ್ತವೆ, ಬೇಕೆಂದಾಗ ಸಾಯುತ್ತವೆ, ಗುಂಡಿ ಒತ್ತಿದರೆ ಎದ್ದು ಬರುತ್ತವೆ. ನಮ್ಮಲ್ಲೂ ದೊಡ್ಡ ಕಾಲೇಜುಗಳು ‘ಸ್ಕಿಲ್ ಲ್ಯಾಬ್’ ಕಟ್ಟಿಸಿ ಉದ್ಘಾಟನೆಯ ಫೋಟೊ ಹಾಕಿಕೊಂಡಿವೆ. ಅವುಗಳಲ್ಲಿ ಕೆಲವಕ್ಕೆ ವರ್ಷದ ಬಹುಪಾಲು ಬೀಗ ಬಿದ್ದಿರುತ್ತದೆ, ಬೊಂಬೆ ಹಾಳಾದೀತೆಂಬ ಭಯಕ್ಕೆ. ರೋಗಿ ಹಾಳಾದಾನೆಂಬ ಭಯಕ್ಕೆ ಐಸಿಯುಗೆ ಮಾತ್ರ ಯಾರೂ ಬೀಗ ಹಾಕುವುದಿಲ್ಲ.

ಬೊಂಬೆಯ ಪರವಾಗಿ ಸಿಕ್ಕಿರುವ ಬಹು ದೊಡ್ಡ ಸಾಕ್ಷ್ಯ ನರ್ಸಿಂಗ್ ಕ್ಷೇತ್ರದ್ದು. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯ ತರಬೇತಿಯ ಅರ್ಧದಷ್ಟು ಗಂಟೆಗಳನ್ನು ಬೊಂಬೆ ಮತ್ತು ನಟನೆಯ ರೋಗಿಗಳೊಂದಿಗಿನ ಅಭ್ಯಾಸಕ್ಕೆ ಬದಲಿಸಿದರೂ ವಿದ್ಯಾರ್ಥಿಗಳು ಹಿಂದೆ ಬೀಳಲಿಲ್ಲ. ಈ ಫಲಿತಾಂಶವನ್ನು ನಮ್ಮಲ್ಲಿ ಅರ್ಧ ಮಾತ್ರ ಓದುತ್ತಾರೆ. ಆ ಅಭ್ಯಾಸ ನಡೆದದ್ದು ತರಬೇತಾದ ಶಿಕ್ಷಕರ ಕಣ್ಣೆದುರು, ಪ್ರತಿ ಅಭ್ಯಾಸದ ನಂತರ ಎಲ್ಲಿ ತಪ್ಪಿದೆವೆಂದು ಕೂತು ಮಾತಾಡುವ ಕ್ರಮದೊಂದಿಗೆ. ಅಲ್ಲೂ ಲೆಕ್ಕಕ್ಕೆ ಬಂದದ್ದು ಪಕ್ಕದಲ್ಲಿ ನಿಂತ ಮನುಷ್ಯನೇ.

ಬೊಂಬೆಯ ಮುಂದೆ ಪಾಸಾದ ಕೈ ರೋಗಿಯ ಮುಂದೆ ಏನು ಮಾಡುತ್ತದೆ ಎನ್ನುವುದಕ್ಕೂ ಒಂದು ದಾಖಲೆಯಿದೆ. ಹೃದಯ ನಿಂತವರಿಗೆ ನಳಿಕೆ ಹಾಕಿದ ಮೇಲೆ ನಿಮಿಷಕ್ಕೆ ಹತ್ತು ಸಲ ಚೀಲ ಹಿಸುಕಿದರೆ ಸಾಕು. 2004ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸಂಶೋಧಕರು ಆಂಬುಲೆನ್ಸ್ ಸಿಬ್ಬಂದಿಯ ಬೆನ್ನಿಗೇ ಹೋಗಿ ಎಣಿಸಿದರು. ಸರಾಸರಿ ನಿಮಿಷಕ್ಕೆ 30! ತರಬೇತಾದವರು, ಅನುಭವಸ್ಥರು. ಎದುರಿಗೆ ಜೀವ ಹೋಗುತ್ತಿರುವಾಗ ಕೈ ತನಗೆ ತಾನೇ ಓಡುತ್ತದೆ. ಹಾಗೆ ಹಿಸುಕಿದಷ್ಟೂ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ರಕ್ತ ಮರಳುವುದು ತಗ್ಗುತ್ತದೆ. ಉಳಿಸಲೆಂದು ಹಿಸುಕಿದ ಕೈಯೇ ಕೊಲ್ಲಬಹುದು. ಈ ಓಟಕ್ಕೆ ಕಡಿವಾಣ ಹಾಕುವುದು ಲ್ಯಾಬಿನಲ್ಲಿ ಕಲಿಯುವ ವಿದ್ಯೆಯಲ್ಲ. ಪಕ್ಕದಲ್ಲಿರುವವರು “ನಿಧಾನ, ನಿಧಾನ, ಎಣಿಸು” ಎಂದು ಭುಜ ಮುಟ್ಟಬೇಕು. ಒಂದು ಸಲವಲ್ಲ, ಹತ್ತು ಸಲ. ಎದೆ ಒತ್ತಿ ಉಸಿರು ಕೊಡುವಂಥ ಕೌಶಲ ಬಳಸದಿದ್ದರೆ ಕೆಲವು ತಿಂಗಳಲ್ಲೇ ಮಸುಕಾಗುತ್ತದೆ ಎನ್ನುವುದೂ ಪದೇ ಪದೇ ಕಂಡ ಸಂಗತಿ. ಎರಡನೇ ವರ್ಷ ಪಾಸಾದ ಪ್ರಮಾಣಪತ್ರ ನಾಲ್ಕನೇ ವರ್ಷದ ಕೈಗೆ ಜಾಮೀನಾಗದು.

ಈಗ ಇಂಟರ್ನ್‌ಶಿಪ್ಪಿನ ವಿಚಾರ. ಅದೇ ಈ ಇಡೀ ವ್ಯವಸ್ಥೆಯ ಹುಣ್ಣು. ಕಾಗದದ ಮೇಲೆ ಅದು ಕಲಿಕೆಯ ವರ್ಷ. ಎಷ್ಟೋ ಕಡೆ ನಿಜದಲ್ಲಿ ಅದು ಸಂಬಳವಿಲ್ಲದ, ಇಲ್ಲವೇ ಕೈಖರ್ಚಿನಷ್ಟು ಸ್ಟೈಪೆಂಡಿನ ಪಾಳಿ ನೌಕರಿ. ರೋಗಿಯನ್ನು ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗು, ಸಿಲಿಂಡರ್ ಬದಲಿಸು, ರಿಪೋರ್ಟ್ ತಾ, ನೆಬ್ಯುಲೈಸರ್ ತೊಳೆ. ಇವೂ ಕಲಿಯಬೇಕಾದ ಕೆಲಸಗಳೇ, ಅಲ್ಲವೆನ್ನುವುದಿಲ್ಲ. ಚಿಕ್ಕ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ; ನಿಮಿಷಕ್ಕೆ 10 ಲೀಟರ್ ಹರಿಸಿದರೆ ಎರಡೂವರೆ ತಾಸಿನಲ್ಲಿ ಖಾಲಿ. ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಹೊರಟವರಿಗೆ ಈ ಲೆಕ್ಕ ಬಾಯಿಪಾಠವಿರಬೇಕು. ಆದರೆ ವರ್ಷವಿಡೀ ಸಿಲಿಂಡರ್ ತಳ್ಳಿದವರಿಗೆ ಈ ಲೆಕ್ಕ ಯಾರೂ ಕೇಳಿರುವುದಿಲ್ಲ. ಇದೊಂದು ವಿಚಿತ್ರ ಹಿನ್ನಡೆ. ಅಮೆರಿಕದಲ್ಲಿ ಈ ವೃತ್ತಿ ಹುಟ್ಟಿದ್ದೇ ವಾರ್ಡಿನಲ್ಲಿ ಆಮ್ಲಜನಕದ ಸಿಲಿಂಡರ್ ತಳ್ಳುತ್ತಿದ್ದ ಸಹಾಯಕರಿಂದ. 1940ರ ದಶಕದ ಕೊನೆಗೆ ಅವರು ಷಿಕಾಗೊದಲ್ಲಿ ಸಂಘ ಕಟ್ಟಿಕೊಂಡು ಶಿಕ್ಷಣ, ಪರೀಕ್ಷೆ, ಪರವಾನಗಿ ಎಂದು ಹೋರಾಡಿ ಮೇಲೆ ಬಂದರು. ನಾವು ಪದವಿ ಓದಿದವರನ್ನು ಮತ್ತೆ ಸಿಲಿಂಡರ್ ತಳ್ಳಲು ನಿಲ್ಲಿಸಿದ್ದೇವೆ.

ಲಾಗ್‌ಬುಕ್ ಎಂಬುದೊಂದಿದೆಯಲ್ಲ, ಅದರ ಕಥೆ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಇಷ್ಟು ಸಕ್ಷನ್, ಇಷ್ಟು ರಕ್ತದ ಮಾದರಿ, ಇಷ್ಟು ವೆಂಟಿಲೇಟರ್ ಜೋಡಣೆ. ಪೋಸ್ಟಿಂಗ್ ಮುಗಿಯುವ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಗುಂಪು ಕೂತು, ಬೇರೆ ಬೇರೆ ಬಣ್ಣದ ಪೆನ್ನು ಹಿಡಿದು ತುಂಬುತ್ತಾರೆ. ಬೆಳಗ್ಗೆ ಯಾರೋ ನಿಂತಲ್ಲೇ ನಲವತ್ತು ಸಹಿ ಹಾಕುತ್ತಾರೆ. ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ನೋಡಿದ್ದರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸಬಲ್ಲೆ, ದಿನವೂ ಮಾಡುತ್ತೇನೆ. ನಮ್ಮ ಥಿಯರಿ ಪರೀಕ್ಷೆ ಮೊದಲೆರಡು ಮೆಟ್ಟಿಲಿಗೆ ನಿಲ್ಲುತ್ತದೆ. ಪ್ರಾಕ್ಟಿಕಲ್ ಪರೀಕ್ಷೆ ಮೂರನೆಯದನ್ನು ಅರೆಬರೆ ಮುಟ್ಟುತ್ತದೆ. ನಾಲ್ಕನೆಯದಕ್ಕೆ ಇರುವ ಏಕೈಕ ಸಾಕ್ಷಿ ಹಾಸ್ಟೆಲಿನಲ್ಲಿ ತುಂಬಿದ ಆ ಪುಸ್ತಕ.

2021ರಲ್ಲಿ ಸಂಸತ್ತು ಸಹಾಯಕ ಆರೋಗ್ಯ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಬಹುದಿನದ ಬೇಡಿಕೆ, ಬಂದದ್ದು ಒಳ್ಳೆಯದೇ. ಸಹಾಯಕ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆ, ಆರೋಗ್ಯಸೇವಾ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆ ಕಲಿಕೆ ಎಂದು ಅದರಲ್ಲಿ ಬರೆದಿದೆ. ನನ್ನ ಅಳುಕು ಈ ಗಂಟೆಗಳ ಬಗ್ಗೆ. ಗಂಟೆ ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಗಂಟೆ ಎಣಿಸುತ್ತಾರೆ. ವೆಂಟಿಲೇಟರ್ ಪಕ್ಕ ಸ್ಟೂಲಿನ ಮೇಲೆ ತೂಕಡಿಸಿದ್ದೂ ಗಂಟೆಯೇ. ಅಮೆರಿಕದಲ್ಲಿ ಕಾಲೇಜಿಗೆ ಮಾನ್ಯತೆ ಕೊಡುವ ಮಂಡಳಿ ಬೇರೆ, ಪದವೀಧರರನ್ನು ಪರೀಕ್ಷಿಸುವ ಮಂಡಳಿ ಬೇರೆ. ಕಲಿಸಿದವರೇ ಕಲಿತರೆಂದು ಕೊನೆಯ ಮುದ್ರೆ ಒತ್ತುವಂತಿಲ್ಲ. ಇಲ್ಲಿ ಕಾಲೇಜು, ಅದರದೇ ಆಸ್ಪತ್ರೆ, ಅದರದೇ ಸಹಿ. ವಿಶ್ವವಿದ್ಯಾಲಯದ ಪರೀಕ್ಷಕರು ಹೊರಗಿನಿಂದ ಬರುತ್ತಾರೆ, ನಿಜ. ಇಂಟರ್ನ್‌ಶಿಪ್ಪಿನ ವರ್ಷವನ್ನು ನೋಡಲು ಯಾರೂ ಬರುವುದಿಲ್ಲ.

ಕಲಿಕೆ ಐಸಿಯುನಲ್ಲೇ ಮುಗಿಯುವುದೂ ಇಲ್ಲ. ಹೊರರೋಗಿ ವಿಭಾಗದಲ್ಲಿ ಉಬ್ಬಸದವರಿಗೆ ಇನ್‌ಹೇಲರ್ ಹಿಡಿಯುವುದನ್ನು ಕಲಿಸುವುದು ಆರ್‌ಟಿ ಕೆಲಸ. ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟುಹಾಕಿ 2016ರಲ್ಲಿ ಬಂದ ಸಮೀಕ್ಷೆಯ ಪ್ರಕಾರ ಸರಿಯಾಗಿ ಎಳೆದುಕೊಳ್ಳುವವರು ಶೇ 31 ಮಾತ್ರ, ಮತ್ತು ಅಷ್ಟು ವರ್ಷದಲ್ಲಿ ಸುಧಾರಣೆ ಕಾಣಲಿಲ್ಲ. ವಿದ್ಯಾರ್ಥಿಗಳಿಗೆ ಈ ಪೋಸ್ಟಿಂಗ್ ಎಂದರೆ ವಿಶ್ರಾಂತಿಯ ತಿಂಗಳು. ಪರದೆ, ಅಲಾರಂ, ಗೆರೆಗಳಿಲ್ಲದ ಕೆಲಸಕ್ಕೆ ಮರ್ಯಾದೆ ಕಡಿಮೆ.

ಅಲ್ಲೇ ಭಾಷೆಯ ತೊಡಕೂ ಎದುರಾಗುತ್ತದೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಿಗೆ ಕೇರಳದಿಂದ ಬಂದು ಓದುವವರು ಬಹಳ. ಪಾಠ ಇಂಗ್ಲಿಷು. ಎದುರಿಗೆ ಕೂತ ಅಜ್ಜ ಹೇಳುವುದು “ದಮ್ ಹತ್ತತೈತ್ರಿ, ಎದಿ ಹಿಡದಾಂಗ ಆಗತೈತಿ”. ಇದು ಉಬ್ಬಸವೋ ಹೃದಯದ ನೋವೋ? ದಮ್ಮು, ಉಬ್ಬಸ, ಏದುಸಿರು, ಉಸಿರುಗಟ್ಟುವುದು, ಎದೆ ಬಿಗಿತ. ಐದೂ ಬೇರೆ ಬೇರೆ. ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೆಟ್ರಿಯಂತೂ ಪೂರ್ತಿ ಮಾತಿನ ಮೇಲೇ ನಿಂತ ಪರೀಕ್ಷೆ. ಒಪ್ಪುವಂಥ ಮೂರು ಪ್ರಯತ್ನ ಬೇಕು, ಪ್ರತಿ ಸಲವೂ ರೋಗಿ ಶಕ್ತಿಮೀರಿ ಊದಬೇಕು. “ಊದಿ, ಊದಿ, ಊದಿ, ಇನ್ನೂ ಇದೆ, ಬಿಡಬೇಡಿ ಯಜಮಾನ್ರೇ” ಎಂದು ಹುರಿದುಂಬಿಸುವ ಕಂಠ ಬೇಕು. ಮಾತು ಬಾರದವರ ಕೈಯಲ್ಲಿ ಗಟ್ಟಿ ಶ್ವಾಸಕೋಶವೂ ರೋಗದ ಶ್ವಾಸಕೋಶವಾಗಿ ಅಚ್ಚಾಗುತ್ತದೆ. ಹೊರರಾಜ್ಯದ ವಿದ್ಯಾರ್ಥಿಗಳನ್ನು ದೂರುತ್ತಿಲ್ಲ, ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ರೋಗಿಯ ಜೊತೆ ಹರಟುವ ಮಲಯಾಳಿ ಹುಡುಗಿಯರನ್ನು ಕಂಡಿದ್ದೇನೆ. ಅದು ಅವರ ಸ್ವಂತ ಸಾಹಸ. ಕಾಲೇಜು ಕಲಿಸಿದ್ದಲ್ಲ.

ಇನ್ನು ಆ ರಾತ್ರಿಯ ಹಿರಿಯ ಆರ್‌ಟಿಯ ಮಾತಿಗೆ ಬರುತ್ತೇನೆ. ಬೆಳಗ್ಗೆ ಚಹಾ ಕುಡಿಯುವಾಗ ಕೇಳಿದೆ, ಕಲಿಸುವುದಕ್ಕೆ ನಿಮಗೇನಾದರೂ ಕೊಡುತ್ತಾರಾ ಎಂದು. ನಕ್ಕರು. ಅವರ ಕೆಲಸದ ಪಟ್ಟಿಯಲ್ಲಿ ಕಲಿಸುವುದು ಎಂಬ ಸಾಲೇ ಇಲ್ಲ. ರಾತ್ರಿ ಪಾಳಿಯಲ್ಲಿ ಎಂಟು ವೆಂಟಿಲೇಟರಿಗೆ ಅವರೊಬ್ಬರೇ; ಇಂಟರ್ನ್‌ಗಳನ್ನು ‘ಸ್ಟಾಫ್’ ಲೆಕ್ಕಕ್ಕೆ ಸೇರಿಸಿ ಇನ್ನೊಬ್ಬರನ್ನು ನೇಮಿಸುವುದು ಬಿಟ್ಟಿದ್ದಾರೆ. ಕಲಿಸಿದರೆ ಕೆಲಸ ನಿಧಾನ, ಬಿಟ್ಟರೆ ಬೇಗ. ಹೀಗಿದ್ದೂ ಅವರು ಕಲಿಸುತ್ತಿದ್ದರು. ವ್ಯವಸ್ಥೆಯೊಂದು ಇಂಥ ಒಬ್ಬೊಬ್ಬರ ಒಳ್ಳೆಯತನದ ಮೇಲೆ ನಿಂತಿದ್ದರೆ ಅದನ್ನು ವ್ಯವಸ್ಥೆ ಎನ್ನಬಾರದು. ಕೋಟಿಗಟ್ಟಲೆ ಬೆಲೆಯ ಲ್ಯಾಬಿಗಿಂತ ಮೊದಲು ಇಂಥವರ ಪಾಳಿಯಲ್ಲಿ ದಿನಕ್ಕೆರಡು ಗಂಟೆಯನ್ನು ಕಲಿಸಲೆಂದೇ ತೆಗೆದಿಟ್ಟು, ಅದಕ್ಕೆ ಸಂಬಳ ಕೊಟ್ಟು, ಆ ಹೊತ್ತು ರೋಗಿಗಳನ್ನು ನೋಡಲು ಬದಲಿ ಜನ ಕೊಡುವುದು ಹೆಚ್ಚು ಅಗ್ಗ, ಹೆಚ್ಚು ಫಲದ ಕೆಲಸ. ಇಂಟರ್ನ್‌ಗಳನ್ನು ಸಿಬ್ಬಂದಿ ಲೆಕ್ಕದಿಂದ ಹೊರಗಿಡಬೇಕು ಎಂಬ ಒಂದೇ ಒಂದು ಸಾಲನ್ನು ಹೊಸ ಆಯೋಗ ಬರೆದರೂ ಅರ್ಧ ಕೆಲಸವಾದೀತು.

ಅದು ಬರುವವರೆಗೆ, ಈ ಕೋರ್ಸಿಗೆ ಮಗನನ್ನೋ ಮಗಳನ್ನೋ ಸೇರಿಸಲು ಹೊರಟ ತಂದೆತಾಯಿಗೆ ಒಂದು ಮಾತು. ಕಾಲೇಜಿನ ಕಟ್ಟಡ ನೋಡಬೇಡಿ, ಬೊಂಬೆಯನ್ನೂ ನೋಡಬೇಡಿ. ಅಲ್ಲಿಯ ಹಳೆಯ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ರಾತ್ರಿ ಎರಡು ಗಂಟೆಗೆ ಅಲಾರಂ ಆದಾಗ ನಿನ್ನ ಪಕ್ಕ ಯಾರಿರುತ್ತಿದ್ದರು ಎಂದು ಕೇಳಿ. ತಟ್ಟನೆ ಒಂದು ಹೆಸರು ಬಂದರೆ ಫೀಸು ಕಟ್ಟಿ.